ಹುಬ್ಬಳ್ಳಿ-ಧಾರವಾಡದ ಪತ್ರಿಕೆಗಳೂ ಅವುಗಳ ಒಡೆತನವೂ

ಪತ್ರಿಕೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅದರ ಸಂಪಾದಕರ ಚರಿತ್ರೆಯನ್ನೇ ಬರೆಯುತ್ತಾರೆ. ಅವರ ಲೇಖನಿಯ ತೀಕ್ಷ್ಣತೆ, ಅವರು ಅನುಭವಿಸಿದ ಕಾರಾಗೃಹವಾಸ, ಅವರು ಎದುರು ಹಾಕಿಕೊಂಡ ಅಧಿಕಾರಿಗಳು, ಇವೇ ಅಲ್ಲಿ ಪ್ರಧಾನವಾಗುತ್ತವೆ. ಅಚ್ಚುಯಂತ್ರ ಯಾರದಿತ್ತು, ಕಾಗದದ ಹಣವನ್ನು ಯಾರು ತೆತ್ತರು, ಅಚ್ಚಾದ ಹಾಳೆಗಳನ್ನು ಊರೂರಿಗೆ ಮುಟ್ಟಿಸಿದವರು ಯಾರು ಎಂಬ ಪ್ರಶ್ನೆಗಳಿಗೆ ಅಡಿಟಿಪ್ಪಣಿಯಲ್ಲಿಯೂ ಸ್ಥಳ ದೊರೆಯುವದಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡಗಳ ಒಂದು ಶತಮಾನದ ಪತ್ರಿಕಾವೃತ್ತಿಯನ್ನು ಅವಲೋಕಿಸಿದವರಿಗೆ, ಬರೆಯುವವನ ಸ್ವಾತಂತ್ರ್ಯವು ಕಟ್ಟಕಡೆಗೆ ಈ ಮೂರು ಪ್ರಶ್ನೆಗಳ ಉತ್ತರವನ್ನೇ ಅವಲಂಬಿಸಿರುವದೆಂಬದು ಮನದಟ್ಟಾಗದೆ ಇರದು.

1921ನೆಯ ಜುಲೈ 1ರಂದು ಧಾರವಾಡದಲ್ಲಿ ಸಾರಾಯಿ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಿದ್ದಾಗ ಪೋಲೀಸರು ಜನರ ಮೇಲೆ ಗುಂಡು ಹಾರಿಸಿದರು, ಮೂವರು ಮಡಿದರು. ಅದೇ ವರುಷ ಅದೇ ಊರಿನಲ್ಲಿ ರಂಗನಾಥ ದಿವಾಕರರು ‘ಕರ್ಮವೀರ’ ವಾರಪತ್ರಿಕೆಯನ್ನು ಆರಂಭಿಸಿದರು. ಆ ಕಾಲದಲ್ಲಿಯೇ ಬೆಳಗಾವಿಯಲ್ಲಿ ಜನ್ಮತಾಳಿದ ‘ಸಂಯುಕ್ತ ಕರ್ನಾಟಕ’ವು ಮುಂದೆ ದಿನಪತ್ರಿಕೆಯಾಗಿ, 1930ರ ದಶಕದಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿತು. ಹುಬ್ಬಳ್ಳಿಯು ದಿನಪತ್ರಿಕೆಗೆ ಯೋಗ್ಯಸ್ಥಾನವೆನಿಸಿದ್ದಕ್ಕೆ ಅಲ್ಲಿಯ ಅರಳೆಪೇಟೆಯಷ್ಟೇ ರೈಲುನಿಲ್ದಾಣವೂ ಕಾರಣವಾಗಿತ್ತು: ಗದಗ-ವಿಜಾಪುರಗಳ ಕಡೆಗೆ, ಲೋಂಡಾ ಮಾರ್ಗವಾಗಿ ಬೆಳಗಾವಿಗೆ, ಹರಿಹರವನ್ನು ದಾಟಿ ಬೆಂಗಳೂರಿಗೆ ಹಳಿಗಳು ಅಲ್ಲಿಂದಲೇ ಕವಲೊಡೆಯುತ್ತಿದ್ದವು.

ಅಂದಿನ ಅಚ್ಚಿನ ಮನೆಯ ಕೆಲಸವನ್ನು ಇಂದಿನ ತರುಣರು ಊಹಿಸಲಾರರು. ಮೊಳೆ ಜೋಡಿಸುವವನು ಇಳಿಜಾರಾದ ಪೆಟ್ಟಿಗೆಯ ಮುಂದೆ ನಿಂತು, ಅಕ್ಷರಕ್ಕೊಂದು ಮನೆ, ಒತ್ತಿಗೊಂದು ಮನೆ ಎಂಬಂತೆ ಕೈಯಾಡಿಸುತ್ತ, ಎಡಗೈಯ ಪಟ್ಟಿಯಲ್ಲಿ ಸಾಲನ್ನು ತಿರುಗುಮುರುಗಾಗಿ ಕಟ್ಟುತ್ತಿದ್ದನು. ಮಂದ ದೀಪದ ಬೆಳಕಿನಲ್ಲಿ ಒಂದು ಒತ್ತು ತಪ್ಪಿದರೆ ನಸುಕಿನ ಗಾಡಿಗೆ ಹೋಗಬೇಕಾದ ಪುಟವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಹೀಗೆ ಸಿದ್ಧವಾದ ಕಟ್ಟುಗಳು ರೈಲನ್ನೇರಿದವೆಂದರೆ, ಅವುಗಳಲ್ಲಿ ಸರಕಾರದ ಸ್ತುತಿಯಿದೆಯೋ ನಿಂದೆಯಿದೆಯೋ ಎಂಬದಕ್ಕೆ ತಕ್ಕಂತೆ ಸಾಗಣೆಯ ದರವು ಏರಿಳಿಯುತ್ತಿರಲಿಲ್ಲ. ನೋಂದಾಯಿತ ಪತ್ರಿಕೆಗಳೆಲ್ಲಕ್ಕೂ ಟಪಾಲಿನ ರಿಯಾಯಿತಿ ಒಂದೇ ಆಗಿತ್ತು. ಪರಕೀಯ ಸರಕಾರವು 1910ರ ಮತ್ತು 1931ರ ಕಾಯಿದೆಗಳ ಬಲದಿಂದ ಪತ್ರಿಕೆಗಳಿಗೆ ಜಾಮೀನು ಹೇರಿತು, ಅದನ್ನು ಮುಟ್ಟುಗೋಲು ಹಾಕಿತು, ಸಂಪಾದಕರನ್ನು ಸೆರೆಮನೆಗೆ ಅಟ್ಟಿತು ಎಂಬದೆಲ್ಲ ನಿಜ. ಆದರೆ ಆ ದಬ್ಬಾಳಿಕೆಯು ಕಣ್ಣಿಗೆ ಕಾಣುವಂಥದಾಗಿತ್ತು. ಯಾರು ಬಾಯಿ ಕಟ್ಟಿದರೆಂಬದು ಓದುಗನಿಗೆ ತಿಳಿಯುತ್ತಿತ್ತು.

ಈ ಪತ್ರಿಕೆಗಳನ್ನು ಯಾವನೊಬ್ಬನ ಸೊತ್ತಾಗಿಯೂ ಉಳಿಸಬಾರದೆಂಬ ಸದುದ್ದೇಶದಿಂದ ಲೋಕಶಿಕ್ಷಣ ಟ್ರಸ್ಟ್ ಸ್ಥಾಪಿತವಾಯಿತು. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ಮತ್ತು 1956ರಲ್ಲಿ ಹುಟ್ಟಿ ಪಾ. ವೆಂ. ಆಚಾರ್ಯರ ವಿದ್ವತ್ತಿನಿಂದ ಮನೆಮನೆಯ ಮಾಸಿಕವಾದ ‘ಕಸ್ತೂರಿ’, ಈ ಮೂರೂ ಅದರ ಆಶ್ರಯದಲ್ಲಿ ಬೆಳೆದವು. ಇದೇ ಟ್ರಸ್ಟಿನ ಆದಾಯತೆರಿಗೆಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1975ರಲ್ಲಿ ತೀರ್ಪು ಟ್ರಸ್ಟಿಗೆ ವಿರುದ್ಧವಾಯಿತು: ವೃತ್ತಪತ್ರಿಕೆಯ ವಾಚನದಿಂದ ಜ್ಞಾನವು ವೃದ್ಧಿಯಾಗುವದಾದರೂ ಅದು ಕಾನೂನು ಹೇಳುವ ಶಿಕ್ಷಣವಲ್ಲ; ಪತ್ರಿಕೆಯನ್ನು ನಡೆಸುವದು ಲಾಭದ ಉದ್ಯೋಗವೇ ಸರಿ ಎಂದು ನ್ಯಾಯಮೂರ್ತಿಗಳು ನಿರ್ಣಯಿಸಿದರು. ಕಾನೂನಿನ ದೃಷ್ಟಿಯಲ್ಲಿ ಈ ನಿರ್ಣಯವು ಯುಕ್ತವೇ ಇರಬಹುದು. ಆದರೆ ಸಾರ್ವಜನಿಕ ಸೇವೆಗೆಂದು ಹುಟ್ಟಿದ ಪತ್ರಿಕೆಗೂ ವ್ಯಾಪಾರಕ್ಕೆಂದು ಹುಟ್ಟಿದ ಪತ್ರಿಕೆಗೂ ತೆರಿಗೆಯ ಕಣ್ಣಿನಲ್ಲಿ ಭೇದವಿಲ್ಲದಂತಾದದ್ದು ಇಂಥ ಸಂಸ್ಥೆಗಳಿಗೆ ದೊಡ್ಡ ಪೆಟ್ಟೆಂದೇ ನಾನು ತಿಳಿಯುತ್ತೇನೆ.

ಟ್ರಸ್ಟಿನದು ಒಂದು ಮಾದರಿಯಾದರೆ, ಸಂಪಾದಕನೇ ಒಡೆಯನಾಗಿರುವದು ಇನ್ನೊಂದು. ಅಮೇರಿಕೆಯಲ್ಲಿ ಪತ್ರಿಕೋದ್ಯಮವನ್ನು ಅಭ್ಯಸಿಸಿ ಬಂದ ಪಾಟೀಲ ಪುಟ್ಟಪ್ಪನವರು 1954ರಲ್ಲಿ ಹುಬ್ಬಳ್ಳಿಯಿಂದ ಹೊರಡಿಸಿದ ‘ಪ್ರಪಂಚ’ ವಾರಪತ್ರಿಕೆಯು ಈ ಬಗೆಯದು. ಅದರ ಗುಣವೂ ದೋಷವೂ ‘ಪಾಪು’ ಅವರವೇ. ಅವರ ಮಾತು ರುಚಿಸದವನು ಯಾರೊಡನೆ ಜಗಳ ತೆಗೆಯಬೇಕೆಂಬದನ್ನು ಚೆನ್ನಾಗಿ ಬಲ್ಲವನಾಗಿದ್ದನು.

ದೊಡ್ಡ ಬಂಡವಾಳದವರು ಬೆಲೆಯಿಳಿಸಿ ಸಣ್ಣ ಪತ್ರಿಕೆಗಳನ್ನು ನುಂಗಿಯಾರೆಂಬ ಭಯವು ಆ ದಿನಗಳಲ್ಲಿಯೇ ಇದ್ದಿತು. 1954ರ ಪತ್ರಿಕಾ ಆಯೋಗವು ಪುಟಗಳ ಸಂಖ್ಯೆಗೆ ತಕ್ಕ ಬೆಲೆಯನ್ನು ನಿಗದಿಗೊಳಿಸಬೇಕೆಂದು ಸೂಚಿಸಿತು; 1956ರಲ್ಲಿ ಕಾನೂನೂ ಆಯಿತು. ಆದರೆ ಪುಣೆಯ ‘ಸಕಾಳ’ ಪತ್ರಿಕೆಯ ಮೊಕದ್ದಮೆಯಲ್ಲಿ 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪುಟವನ್ನು ನಿಯಂತ್ರಿಸುವದೆಂದರೆ ವಾಕ್‌ಸ್ವಾತಂತ್ರ್ಯವನ್ನೇ ಮೊಟಕುಗೊಳಿಸಿದಂತೆ ಎಂದು ಸಾರಿ ಆ ಕಾನೂನನ್ನು ತಳ್ಳಿಹಾಕಿತು. ಸರಕಾರದ ಕೈಗೆ ಅಂಥ ಅಳತೆಗೋಲನ್ನು ಕೊಡಬಾರದೆಂಬ ಮಾತನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಆ ಸ್ಥಳದಲ್ಲಿ ಬೇರೆ ರಕ್ಷಣೆಯು ಯಾವುದೂ ಬರಲಿಲ್ಲ.

ಅದರ ಫಲವು ಹುಬ್ಬಳ್ಳಿಯಲ್ಲಿಯೇ ಗೋಚರವಾದದ್ದು 1999ರಲ್ಲಿ. ಗದಗಿನ ಮುದ್ರಣ ಮನೆತನದಲ್ಲಿ ಹುಟ್ಟಿ, 1976ರಲ್ಲಿ ಒಂದೇ ಲಾರಿಯಿಂದ ಸಾರಿಗೆಯ ಉದ್ಯೋಗವನ್ನು ಹೂಡಿ, ಮುಂದೆ ಧಾರವಾಡ ಉತ್ತರದ ಲೋಕಸಭಾ ಸದಸ್ಯರೂ ಆದ ವಿಜಯ ಸಂಕೇಶ್ವರರು ಆ ವರುಷ ‘ವಿಜಯ ಕರ್ನಾಟಕ’ವನ್ನು ಆರಂಭಿಸಿದರು. ಕಡಿಮೆ ಬೆಲೆ, ಹಲವು ಆವೃತ್ತಿಗಳು, ಎಲ್ಲಕ್ಕಿಂತ ಮಿಗಿಲಾಗಿ ನಾಡಿನುದ್ದಕ್ಕೂ ಹಬ್ಬಿದ್ದ ಸ್ವಂತ ಸಾರಿಗೆಯ ಜಾಲ, ಇವುಗಳ ಬಲದಿಂದ ಅದು ಕೆಲವೇ ವರುಷಗಳಲ್ಲಿ ಪ್ರಸಾರದಲ್ಲಿ ಅಗ್ರಸ್ಥಾನಕ್ಕೇರಿತು. ಇದರಿಂದ ಒಳಿತೂ ಆಯಿತೆಂಬದನ್ನು ಅಲ್ಲಗಳೆಯಲಾಗದು: ತಾಲೂಕಿನ ಸುದ್ದಿಗೆ ಪುಟ ದೊರೆಯಿತು, ಪತ್ರಿಕೆಯನ್ನೇ ಕಾಣದಿದ್ದ ಊರುಗಳಿಗೆ ಮುಂಜಾನೆಯೇ ಪತ್ರಿಕೆ ಮುಟ್ಟಿತು. ಆದರೆ ಸಾಗಿಸುವವನೂ ಪ್ರಕಟಿಸುವವನೂ ಒಬ್ಬನೇ ಆದದ್ದು ಈ ಭಾಗದ ಪತ್ರಿಕಾಚರಿತ್ರೆಯಲ್ಲಿ ಹೊಸ ಸಂಗತಿಯಾಗಿತ್ತು. ರೈಲಿನವನಿಗೆ ಸ್ವಂತ ಪತ್ರಿಕೆಯಿರಲಿಲ್ಲ.

2006ರಲ್ಲಿ ‘ವಿಜಯ ಕರ್ನಾಟಕ’ವು ಮುಂಬಯಿಯ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಅದರೊಡನೆ ಹೋದ ಸಂಕೇಶ್ವರರ ‘ಉಷಾಕಿರಣ’ ಪತ್ರಿಕೆಯು ಹೆಸರು ಬದಲಿಸಿ ‘ಟೈಮ್ಸ್ ಆಫ್ ಇಂಡಿಯಾ’ದ ಕನ್ನಡ ಆವೃತ್ತಿಯಾಗಿ, ಕೆಲವೇ ವರುಷಗಳಲ್ಲಿ ನಿಂತುಹೋಯಿತು, ಕನ್ನಡಿಗರು ಓದುವ ಪತ್ರಿಕೆಯು ಇರಬೇಕೋ ಬೇಡವೋ ಎಂಬ ತೀರ್ಮಾನವು ಕನ್ನಡನಾಡಿನ ಹೊರಗೆ ಆಗತೊಡಗಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿಯ ಆಡಳಿತದಿಂದ ಬಿಡುಗಡೆ ಹೊಂದಿ 1956ರ ನವೆಂಬರ್ 1ರಂದು ಕನ್ನಡದ ರಾಜ್ಯದಲ್ಲಿ ಸೇರುವಂತಾಗಲು ಇಲ್ಲಿಯ ಪತ್ರಿಕೆಗಳು ಮೂರು ದಶಕಗಳಿಗೂ ಮಿಕ್ಕು ಶ್ರಮಿಸಿದ್ದವೆಂಬದನ್ನು ನೆನೆದಾಗ ಈ ವ್ಯವಹಾರವು ಮನಸ್ಸಿಗೆ ನೋವನ್ನುಂಟುಮಾಡುತ್ತದೆ. 2012ರಲ್ಲಿ ಸಂಕೇಶ್ವರರು ‘ವಿಜಯವಾಣಿ’ಯೊಡನೆ ಮತ್ತೆ ಕಣಕ್ಕಿಳಿದರು, ಆದರೆ ಅಷ್ಟರಲ್ಲಿ ಕಣವೇ ಬೇರೆಯಾಗತೊಡಗಿತ್ತು.

ದೂರದರ್ಶನ ವಾಹಿನಿಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಈಟೀವಿ ಕನ್ನಡವು ನೆಟ್‌ವರ್ಕ್18ರ ತೆಕ್ಕೆಗೆ ಬಂದು ‘ಕಲರ್ಸ್ ಕನ್ನಡ’ವಾಯಿತು, 2014ರಲ್ಲಿ ಆ ಸಮೂಹವೇ ರಿಲಯನ್ಸ್ ವಶವಾಯಿತು, 2024ರಲ್ಲಿ ರಿಲಯನ್ಸ್ ಮತ್ತು ಡಿಸ್ನಿಯವರ ವಾಹಿನಿಗಳು ಒಂದಾದಾಗ, ಅದುವರೆಗೆ ಪ್ರತಿಸ್ಪರ್ಧಿಯಾಗಿದ್ದ ‘ಸ್ಟಾರ್ ಸುವರ್ಣ’ವೂ ಅದೇ ಮನೆಯನ್ನು ಸೇರಿತು. 2016ರಿಂದ ಕೋಟ್ಯಂತರ ಜನರಿಗೆ ಮೊಬೈಲಿನ ಇಂಟರ್ನೆಟ್ ಒದಗಿಸುತ್ತಿರುವ ಜಿಯೋ ಸಹ ರಿಲಯನ್ಸಿನದೇ. ಲಾರಿಯ ವಿಷಯದಲ್ಲಿ ಒಂದು ರಾಜ್ಯದ ಮಟ್ಟದಲ್ಲಿ ಕಂಡದ್ದು ಈಗ ದೇಶದ ಮಟ್ಟದಲ್ಲಿ ಕಾಣುತ್ತಿದೆ. ಮೇಲಾಗಿ ಲಾರಿ ಹೋದ ರಸ್ತೆಯು ಸಾರ್ವಜನಿಕರದು, ಅದರಲ್ಲಿ ಇನ್ನೊಬ್ಬನು ತನ್ನ ಗಾಡಿಯನ್ನು ಓಡಿಸಬಹುದಾಗಿತ್ತು. ಇಲ್ಲಿ ಹಾದಿಯೇ ಖಾಸಗಿಯದು.

ಈ ಹಾದಿಯಲ್ಲಿ ಪಂಕ್ತಿಭೇದವು ಕೂಡದೆಂಬ ತತ್ತ್ವಕ್ಕೆ ನಮ್ಮ ದೇಶದಲ್ಲಿ ಒಂದು ಜಯವೂ ದೊರೆತಿದೆ. ಕೆಲವೇ ತಾಣಗಳನ್ನು ಪುಕ್ಕಟೆಯಾಗಿ ಕೊಡುವ ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಯೋಜನೆಗೆ ದೇಶದಾದ್ಯಂತ ವಿರೋಧವೆದ್ದು, 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸಂಸ್ಥೆಯು ತಾಣವನ್ನು ನೋಡಿ ದರ ಹಾಕುವದನ್ನು ನಿಷೇಧಿಸಿತು. ಹಳೆಯ ರೈಲಿನ ಮತ್ತು ಟಪಾಲಿನ ನ್ಯಾಯವನ್ನೇ ಅದು ಹೊಸ ಹಾದಿಗೆ ಅನ್ವಯಿಸಿತು. ಆದರೆ ದರದ ಭೇದವನ್ನು ತಡೆದ ಮಾತ್ರಕ್ಕೆ ಒಡೆತನದ ಕೇಂದ್ರೀಕರಣವು ನಿಲ್ಲುವದಿಲ್ಲ. ಯಾವ ಸುದ್ದಿಯು ಓದುಗನ ಕಣ್ಣಿಗೆ ಮೊದಲು ಬೀಳಬೇಕೆಂಬದನ್ನು ಗೂಗಲ್ ಮತ್ತು ಫೇಸ್‌ಬುಕ್ಕಿನಂಥ ದೂರದೇಶದ ಕಂಪನಿಗಳು ನಿರ್ಧರಿಸುತ್ತಿರುವಾಗ, ಜಾಹೀರಾತಿನ ಹಣವೂ ಅವುಗಳ ಕಡೆಗೇ ಹರಿಯುತ್ತಿರುವಾಗ, ನವಲಗುಂದದ ಕಾಲುವೆಯ ನೀರಿನ ಬಗೆಗೋ ಕಲಘಟಗಿಯ ಸರಕಾರಿ ದವಾಖಾನೆಯ ಬಗೆಗೋ ಬರೆಯುವ ಸ್ಥಳೀಯ ವರದಿಗಾರನ ಸಂಬಳವನ್ನು ಯಾರು ಕೊಡಬೇಕೆಂಬದು ಉತ್ತರವಿಲ್ಲದ ಪ್ರಶ್ನೆಯಾಗಿದೆ.

ಪತ್ರಿಕೆಗಳನ್ನು ಇತರ ಉದ್ಯೋಗಗಳ ಒಡೆತನದಿಂದ ಬೇರ್ಪಡಿಸಬೇಕೆಂದು ಎರಡನೆಯ ಪತ್ರಿಕಾ ಆಯೋಗವು 1982ರಲ್ಲಿಯೇ ಹೇಳಿತ್ತು. ಒಂದೇ ಮನೆತನವು ಹಲವು ಮಾಧ್ಯಮಗಳನ್ನು ಕೈವಶ ಮಾಡಿಕೊಳ್ಳದಂತೆ ಮಿತಿಯನ್ನು ವಿಧಿಸಬೇಕೆಂದು ಟ್ರಾಯ್ 2014ರ ಆಗಸ್ಟಿನಲ್ಲಿ ವಿವರವಾಗಿ ಶಿಫಾರಸು ಮಾಡಿತು. ಈ ಶಿಫಾರಸುಗಳು ಇಂದಿಗೂ ಕಾನೂನಾಗಿಲ್ಲ.