ಆರಕ್ಕೇರಿ ಇಳಿಯುವ ಸಂಖ್ಯೆ: ಗಣಿತಸಾರಸಂಗ್ರಹದ ಒಂದು ಗುಣಲಬ್ಧ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಕಾಲವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಅರಸನನ್ನು ಆರಂಭದ ಪದ್ಯಗಳಲ್ಲಿ ಸ್ತುತಿಸಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ಕ್ಕೆ ನಾವು ಕೊಡುವುದು ಹೆಚ್ಚೆಂದರೆ ಒಂದು ವಾಕ್ಯ. ಗಣಿತವೆಂದು ಬದಿಗಿರಿಸಿದ ಈ ಗ್ರಂಥದಲ್ಲಿ ಗ್ರಂಥಸಂಪಾದಕನು ಗಮನಿಸಲೇಬೇಕಾದ ಸಂಗತಿಗಳಿವೆ. ನಿದರ್ಶನಕ್ಕೆ ಒಂದೇ ಸಂಖ್ಯೆ ಸಾಕು.

27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಎಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಮಹಾವೀರನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟವನು. ಕೋಟಿಗಳನ್ನೆಣಿಸಿ ಹೇಳುವುದು ಅವನಿಗೆ ಕಷ್ಟವಾಗಿರಲಿಲ್ಲ. ಆದರೂ ಅವನು ಈ ಸಂಖ್ಯೆಯನ್ನು ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವುದು ಎಂದಷ್ಟೇ ವರ್ಣಿಸುತ್ತಾನೆ. ಬೆಲೆಯನ್ನು ಹೇಳದೆ ಆಕಾರವನ್ನು ಹೇಳುವ ಈ ಕ್ರಮ ಸ್ಥಾನಪದ್ಧತಿಯ ಬರಹ ಓದುಗನ ಕಣ್ಣಿಗೆ ಪೂರ್ಣ ಪರಿಚಿತವಾಗಿದ್ದಾಗ ಮಾತ್ರ ಸಾಧ್ಯ. ಇಂಥ ಕೆಲವು ಗುಣಲಬ್ಧಗಳನ್ನು ಅವನು ಅರಸನ ಕಂಠಾಭರಣಕ್ಕೆ ಹೋಲಿಸಿದ್ದಾನೆ.

ಈ ಹಾರದ ರಹಸ್ಯ ವರ್ಗದಲ್ಲಿದೆ. 12345654321 ಎಂಬುದು 111111ರ ವರ್ಗ. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಆರು ಬಾರಿ ಬರೆದು ಕೂಡಿಸಿದರೆ ನಡುವಿನ ಕಂಬದಲ್ಲಿ ಆರು, ಅಂಚುಗಳಲ್ಲಿ ಒಂದು. ಎಲ್ಲಿಯೂ ದಶಕ ದಾಟುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಸೊಗಸು ನಿಲ್ಲುತ್ತದೆ, ಹತ್ತನೆಯದಕ್ಕೆ ಕೆಡುತ್ತದೆ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಮೊದಲೆರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರದು 5291, ಅದರ ವರ್ಗ 27994681. ಹೀಗೆ ಗುಣ್ಯ, ಗುಣಕ, ಲಬ್ಧ ಮೂರೂ ಪೂರ್ಣವರ್ಗಗಳು. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 12345679ನ್ನು 9ರಿಂದ ಗುಣಿಸಿ ಒಂಬತ್ತು ಒಂದುಗಳನ್ನು ಪಡೆಯುವ ಲೆಕ್ಕವೂ ಇದೇ ಗ್ರಂಥದಲ್ಲಿದೆ.

ಪಾಠಶೋಧನೆಯ ದೃಷ್ಟಿಯಿಂದ ಇದಕ್ಕೊಂದು ವಿಶೇಷ ಪ್ರಯೋಜನವುಂಟು. ಪದಗಳಲ್ಲಿ ಹೇಳಿದ ಅಂಕಗಳನ್ನು ಸಾಮಾನ್ಯವಾಗಿ ಬಿಡಿಸ್ಥಾನದಿಂದ ಎಡಕ್ಕೆ ಓದಬೇಕು. ದಿಕ್ಕು ತಪ್ಪಿದರೆ ಸಂಖ್ಯೆಯೇ ಬೇರೆಯಾಗುತ್ತದೆ. 12345654321ಕ್ಕೆ ಆ ಭಯವಿಲ್ಲ, ಎತ್ತಲಿಂದ ಓದಿದರೂ ಒಂದೇ. ಗುಣ್ಯದಲ್ಲಿ ಲಿಪಿಕಾರನು ಒಂದು ಪದ ತಪ್ಪಿದರೂ ಹಾರ ಮುರಿದುಬೀಳುತ್ತದೆ. ಕಾವ್ಯದ ಪಾಠಾಂತರಗಳೊಡನೆ ಹೆಣಗಿದವರಿಗೆ ಇಂಥ ಸಾಕ್ಷಿ ಎಂಥ ಭಾಗ್ಯವೆಂಬುದನ್ನು ವಿವರಿಸಬೇಕಿಲ್ಲ!

ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವನ್ನು ಮದರಾಸಿನಿಂದ 1912ರಲ್ಲಿ ಹೊರತಂದರು. ಹಿಂದಿ ಅನುವಾದ 1963ರಲ್ಲಿ ಸೊಲ್ಲಾಪುರದಿಂದ ಬಂದಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾದುದು 2000ದಲ್ಲಿ.