ರನ್‌ವೇ ಒಂದೂರಲ್ಲಿ, ನಿಯಂತ್ರಕರು ಇನ್ನೊಂದೂರಲ್ಲಿ: ದೂರ ನಿಯಂತ್ರಣ ಗೋಪುರ

ವಿಮಾನ ನಿಲ್ದಾಣದ ಎತ್ತರದ ಗಾಜಿನ ಕೋಣೆಯಲ್ಲಿ ಕುಳಿತು ಮಾಡುವ ಸಂಚಾರ ನಿಯಂತ್ರಣವನ್ನು ಕ್ಯಾಮೆರಾಗಳ ನೆರವಿನಿಂದ ಬೇರೆ ಊರಲ್ಲಿ ಕುಳಿತು ಮಾಡುವ ವ್ಯವಸ್ಥೆಯೇ ದೂರ ನಿಯಂತ್ರಣ ಗೋಪುರ. ದಿನಕ್ಕೆ ಕೆಲವೇ ವಿಮಾನ ಬಂದುಹೋಗುವ ನಿಲ್ದಾಣಗಳಿಗೆ ಇದು ಹೆಚ್ಚು ಒಪ್ಪುತ್ತದೆ. ಆದ್ದರಿಂದಲೇ ಕೊಪ್ಪಳದಂಥ ಜಿಲ್ಲೆಗಳು ಇದನ್ನು ಅರಿತಿರಬೇಕು.

ಕೊಪ್ಪಳ ಸೀಮೆಯ ಸ್ಥಿತಿ

ಗಿಣಿಗೇರಾ ಬಳಿ ಎಂಎಸ್‌ಪಿಎಲ್ ಕಂಪನಿಯ ಖಾಸಗಿ ಏರ್‌ಸ್ಟ್ರಿಪ್ ಇದೆ. ಆದರೆ ಅದು ಜನಸಾಮಾನ್ಯರು ಟಿಕೆಟ್ ಪಡೆದು ಹತ್ತುವ ನಿಲ್ದಾಣವಲ್ಲ. ಕೊಪ್ಪಳ, ಗಂಗಾವತಿಯವರಿಗೆ ಹತ್ತಿರದ್ದು ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣ. ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ 2017ರಲ್ಲಿ ಅಲ್ಲಿಂದ ಹಾರಾಟ ಶುರುವಾಯಿತು. ಕುಷ್ಟಗಿ, ಯಲಬುರ್ಗಾದವರಿಗೆ ಹುಬ್ಬಳ್ಳಿಯ ದಾರಿಯಿದೆ. ಕಲ್ಯಾಣ ಕರ್ನಾಟಕದಲ್ಲೇ ಕಲಬುರಗಿಗೆ 2019ರಲ್ಲಿ, ಬೀದರ್‌ಗೆ 2020ರಲ್ಲಿ ವಿಮಾನ ಸೇವೆ ಬಂತು. ಅಂಜನಾದ್ರಿಯ ಯಾತ್ರಿಕರು, ಗಂಗಾವತಿಯ ಅಕ್ಕಿ ವ್ಯಾಪಾರ, ಗಿಣಿಗೇರಾದ ಕಾರ್ಖಾನೆಗಳು ಇರುವ ಈ ಜಿಲ್ಲೆಗೆ ತನ್ನದೇ ಒಂದು ನಿಲ್ದಾಣ ಬೇಕೆಂಬ ಆಸೆ ದೊಡ್ಡದೇನಲ್ಲ.

ಕೆಲಸ ಮಾಡುವ ಬಗೆ

ರನ್‌ವೇ ಪಕ್ಕದ ಎತ್ತರದ ಕಂಬದ ಮೇಲೆ ಸುತ್ತಲೂ ಕ್ಯಾಮೆರಾಗಳಿರುತ್ತವೆ. ಅವುಗಳ ದೃಶ್ಯಗಳನ್ನು ಜೋಡಿಸಿ, ನಿಯಂತ್ರಣ ಕೇಂದ್ರದ ಪರದೆಗಳ ಸಾಲಿನಲ್ಲಿ ಒಂದೇ ಅಖಂಡ ನೋಟವಾಗಿ ತೋರಿಸಲಾಗುತ್ತದೆ. ತಿರುಗುವ, ಹಿಗ್ಗಿಸಿ ತೋರಿಸುವ ಬೇರೆ ಕ್ಯಾಮೆರಾಗಳು ಹಳೆಯ ದುರ್ಬೀನಿನ ಕೆಲಸ ಮಾಡುತ್ತವೆ. ಮೈಕ್ರೊಫೋನುಗಳು ನಿಲ್ದಾಣದ ಸದ್ದನ್ನೂ ತಲುಪಿಸಬಲ್ಲವು. ವಿಮಾನದ ಗುರುತು, ಗಾಳಿಯ ವೇಗ, ರೇಡಾರ್ ಮಾಹಿತಿ ದೃಶ್ಯದ ಮೇಲೆಯೇ ಮೂಡುತ್ತವೆ. ಇನ್‌ಫ್ರಾರೆಡ್ ಕ್ಯಾಮೆರಾ ಇದ್ದರೆ ಕತ್ತಲಲ್ಲಿ ರನ್‌ವೇಗೆ ನುಗ್ಗಿದ ಪ್ರಾಣಿಯೂ ಕಾಣುತ್ತದೆ. ಪೈಲಟ್‌ಗೆ ರೇಡಿಯೋದಲ್ಲಿ ಅನುಮತಿ ಕೊಡುವವರು ಮಾತ್ರ ಮನುಷ್ಯರೇ.

ಆರಂಭವಾದದ್ದು ಸ್ವೀಡನ್ನಿನಲ್ಲಿ

2015ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಓರ್ನ್‌ಶೋಲ್ಡ್ಸ್‌ವಿಕ್ ನಿಲ್ದಾಣಕ್ಕೆ ಬಂದ ವಿಮಾನವನ್ನು ನೂರಕ್ಕೂ ಹೆಚ್ಚು ಕಿ.ಮೀ. ದೂರದ ಸುಂಡ್ಸ್‌ವಾಲ್‌ನಿಂದ ಇಳಿಸಲಾಯಿತು. ಈ ಬಗೆಯ ನಿತ್ಯಸೇವೆ ಜಗತ್ತಿನಲ್ಲಿ ಮೊದಲಾದದ್ದು ಅಲ್ಲಿ. ನಾರ್ವೆಯ ರೋಸ್ಟ್ ದ್ವೀಪದ ನಿಲ್ದಾಣ 2019ರಿಂದ ಬೋಡೋ ನಗರದ ಕೇಂದ್ರಕ್ಕೆ ಸೇರಿತು. ಲಂಡನ್ ಸಿಟಿ ನಿಲ್ದಾಣ 2021ರಲ್ಲಿ ಪೂರ್ಣವಾಗಿ ಈ ವ್ಯವಸ್ಥೆಗೆ ಬಂತು. ಅಲ್ಲಿ 50 ಮೀಟರ್ ಎತ್ತರದ ಕಂಬದಲ್ಲಿ 16 ಕ್ಯಾಮೆರಾಗಳಿವೆ. ನಿಯಂತ್ರಕರು ಕುಳಿತಿರುವುದು ದೂರದ ಸ್ವಾನ್‌ವಿಕ್ ಎಂಬ ಊರಿನಲ್ಲಿ.

ಲಾಭವೇನು?

ಸಣ್ಣ ನಿಲ್ದಾಣದಲ್ಲಿ ಎರಡು ವಿಮಾನಗಳ ನಡುವೆ ನಿಯಂತ್ರಕರು ಗಂಟೆಗಟ್ಟಲೆ ಕಾಯಬೇಕು. ಒಂದೇ ಕೇಂದ್ರ ಹಲವು ನಿಲ್ದಾಣಗಳ ಹೊಣೆ ಹೊತ್ತರೆ ಅದೇ ತಂಡದ ಪರಿಣತಿ ಎಲ್ಲರಿಗೂ ಒದಗುತ್ತದೆ. ಗೋಪುರ ಕಟ್ಟುವ ಖರ್ಚೂ ಉಳಿಯುತ್ತದೆ.

ಎಚ್ಚರ ಬೇಕಾದದ್ದೆಲ್ಲಿ?

ಸಂಪರ್ಕ ಕಡಿದರೆ ನಿಯಂತ್ರಕರ ಕಣ್ಣು ಕಟ್ಟಿದಂತೆ. ಹೀಗಾಗಿ ಲಂಡನ್‌ನಲ್ಲಿ ಮೂರು ಪ್ರತ್ಯೇಕ ಫೈಬರ್ ಮಾರ್ಗಗಳನ್ನು ಎಳೆದಿದ್ದಾರೆ. ಸೈಬರ್ ದಾಳಿಯಿಂದ ರಕ್ಷಣೆ, ಬದಲಿ ವಿದ್ಯುತ್ ಕೂಡ ಕಡ್ಡಾಯವೆನ್ನಬೇಕು. ನಮ್ಮಲ್ಲಿ ಬೇಸಿಗೆಯ ಬಿಸಿಲು, ಕಾರ್ಖಾನೆಗಳ ಕಪ್ಪು ಧೂಳು ಲೆನ್ಸಿಗೆ ದೊಡ್ಡ ಸವಾಲು. ಲೆನ್ಸುಗಳನ್ನು ಸದಾ ಶುಚಿಯಾಗಿಡುವ ಏರ್ಪಾಡು ಬೇಕೇಬೇಕು.

ನಮಗೆ ಇದರ ಅರ್ಥ

ಕ್ಯಾಮೆರಾ ರನ್‌ವೇ ಕಟ್ಟಿಕೊಡುವುದಿಲ್ಲ, ಪ್ರಯಾಣಿಕರನ್ನೂ ಕರೆತರುವುದಿಲ್ಲ. ಜಾಗ, ಅಗ್ನಿಶಾಮಕ ದಳ, ಭದ್ರತೆ ಮೊದಲು ಬೇಕು. ಭಾರತದಲ್ಲಿ ಸಂಚಾರ ನಿಯಂತ್ರಣ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಹೊಣೆ. ಸುರಕ್ಷತಾ ನಿಯಮ ನೋಡಿಕೊಳ್ಳುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ಆದರೆ ಸಣ್ಣ ಊರಿನ ನಿಲ್ದಾಣಕ್ಕೆ ದಿನನಿತ್ಯದ ಖರ್ಚೇ ಭಾರವಾಗುವಾಗ, ಆ ಭಾರದ ಒಂದು ಪಾಲನ್ನು ಇಳಿಸುವ ದಾರಿ ಇದು. ಕೊಪ್ಪಳದ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಜಮೀನಿನ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಮುಂದಿಡಬೇಕು.