ಗಂಡಾಂತರ ದಾಟಿದ ದಿನ ಯಾವುದು?

ಬೆಳೆ ವಿಮೆಯ ಸುದ್ದಿಗೆಂದು ನಮ್ಮ ಹೋಬಳಿಯ ಒಂದು ಹಳ್ಳಿಗೆ ಹೋಗಿದ್ದೆವು. ಮಾತು ವಿಮೆಯಿಂದ ಶುರುವಾಗಿ ಮನೆಯ ಹಿರಿಯಾಕೆಯ ಆಸ್ಪತ್ರೆ ಫೈಲಿಗೆ ಬಂದು ನಿಂತಿತು. ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಗುಣವಾಗಿದ್ದಾರೆ. ಮಗನಿಗೆ ಅವ್ವ ಗೆದ್ದ ದಿನ ಅಂತ ನಾಲ್ಕು ಜನರಿಗೆ ಊಟ ಹಾಕಿಸುವ ಆಸೆ. ಆದರೆ ಯಾವ ದಿನ? ಫೈಲಿನಲ್ಲಿ ರಿಪೋರ್ಟ್ ಬಂದ ತಾರೀಖಿದೆ, ಆಪರೇಷನ್ ತಾರೀಖಿದೆ, ಕೊನೆಯ ಕಿಮೋ ತಾರೀಖೂ ಇದೆ.

ಆ ತಾಯಿ ನಕ್ಕು ಹೇಳಿದರು: "ಇವು ಯಾವೂ ನಂಗೆ ನೆನಪಿಲ್ಲಪ್ಪ. ಶೇಂಗಾ ಕೀಳೋ ಹೊತ್ತಿಗೆ ಮನೆಗೆ ಬಂದೆ. ಅಷ್ಟೇ ನೆನಪು."

ಮಗ ಇನ್ನೊಂದು ಮಾತು ಸೇರಿಸಿದ: "ಹೆಂಗೂ ಐದು ವರ್ಷ ಆತು. ಇನ್ನು ಚೆಕಪ್ಪಿಗೆ ಹೋಗೋ ಗೋಜಿಲ್ಲ." ಆ ಮಾತು ನಮ್ಮನ್ನು ತಡೆದು ನಿಲ್ಲಿಸಿತು. ಈ ಐದು ವರ್ಷದ ಲೆಕ್ಕ ಎಲ್ಲಿಂದ ಬಂತು? ಬದುಕಿ ಉಳಿದವರು ದಿನ ಗುರುತು ಹಾಕುವ ಪದ್ಧತಿ ಎಷ್ಟು ಹಳೆಯದು? ಹುಡುಕುತ್ತಾ ಹೋದೆವು.

ನಮಗೆ ಸಿಕ್ಕ ಹಳೆಯ ಕಥೆ ಕ್ಯಾನ್ಸರಿನದಲ್ಲ, ಕಲ್ಲಿನದು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಯುವಕನಿಗೆ ಮೂತ್ರಕೋಶದಲ್ಲಿ ಕಲ್ಲು. 1658ರ ಮಾರ್ಚ್ 26ರಂದು ಆಪರೇಷನ್ ಆಯಿತು. ಆಗ ಅರಿವಳಿಕೆ ಔಷಧಿ ಇರಲಿಲ್ಲ. ಕೈಕಾಲು ಕಟ್ಟಿ ಕೊಯ್ಯುತ್ತಿದ್ದರು, ಸಾಯುವವರೂ ಬಹಳ. ಬದುಕಿದ ಪೀಪ್ಸ್ ಪ್ರತಿ ವರ್ಷ ಆ ದಿನ ಬಂಧುಗಳಿಗೆ ಊಟ ಹಾಕಬೇಕೆಂದು ನಿಶ್ಚಯ ಮಾಡಿದ. ತೆಗೆದ ಕಲ್ಲನ್ನೂ ಡಬ್ಬಿಯಲ್ಲಿ ಜೋಪಾನ ಮಾಡಿದ್ದ. ಎಲ್ಲ ವರ್ಷವೂ ಊಟ ನಡೆಯಲಿಲ್ಲ. ಆದರೂ ಅವನ ಡೈರಿಯಲ್ಲಿ ಆ ತಾರೀಖು ಮತ್ತೆ ಮತ್ತೆ ಬರುತ್ತದೆ. ಅವನು ಬದುಕಿದ್ದು 1703ರವರೆಗೆ.

ಇದಕ್ಕೆ ಪೂರಾ ಎದುರು ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಕಥೆ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಅವರ ಒಂದು ಸ್ತನವನ್ನು ತೆಗೆದರು. ವೈದ್ಯರು ಅದನ್ನು ಕ್ಯಾನ್ಸರ್ ಎಂದೇ ಹೇಳಿದ್ದರು. ತಂಡದ ಮುಖ್ಯಸ್ಥ ನೆಪೋಲಿಯನ್ ಸೈನ್ಯದ ಹೆಸರಾಂತ ಸರ್ಜನ್ ಲಾರೆ. ನೋವಿಗೆ ಕೊಟ್ಟದ್ದು ಒಂದಿಷ್ಟು ಮದ್ಯ, ಅಷ್ಟೇ. ಅಕ್ಕನಿಗೆ ಆ ದಿನದ ವಿವರ ಬರೆಯಲು ಬರ್ನಿಗೆ ತಿಂಗಳುಗಟ್ಟಲೆ ಬೇಕಾಯಿತು. ಬರೆದದ್ದನ್ನು ತಿರುಗಿ ಓದುವ ಧೈರ್ಯವೂ ಬರಲಿಲ್ಲ. ಆಮೇಲೆ 28 ವರ್ಷ ಬದುಕಿದರು.

ಒಬ್ಬ ಊಟ ಹಾಕಿದ, ಒಬ್ಬಾಕೆಗೆ ನೆನೆಯುವುದೇ ಕಷ್ಟವಾಯಿತು. ಇಬ್ಬರೂ ಬದುಕಿದವರೇ. ಆಗ ಅವರಿಗೆ ಇಂಥ ದಿನವೇ ನೆನೆಯಿರಿ ಎಂದು ಹೇಳುವ ಆಸ್ಪತ್ರೆಯಾಗಲಿ ಸಂಘವಾಗಲಿ ಇರಲಿಲ್ಲ.

ಹೊರಗಿನ ಲೆಕ್ಕ ಶುರುವಾದದ್ದು ಆಮೇಲೆ. ಅರಿವಳಿಕೆ ಬಂದು, ಆಪರೇಷನ್‌ಗಳು ಹೆಚ್ಚಾದಾಗ ಸರ್ಜನ್‌ಗಳಿಗೆ ಒಂದು ಪ್ರಶ್ನೆ ಎದ್ದಿತು: ಗುಣವಾಗಿದೆ ಎಂದು ಯಾವಾಗ ಹೇಳಬೇಕು? 1870ರ ದಶಕದಲ್ಲಿ ಜರ್ಮನಿಯ ಸರ್ಜನ್ ಫೋಲ್ಕ್‌ಮನ್, ಮೂರು ವರ್ಷ ರೋಗ ಮರುಕಳಿಸದಿದ್ದರೆ ಬಹುತೇಕ ಗುಣವಾದಂತೆ ಎಂದರು. ಆದರೆ ಮೂರು ವರ್ಷದ ನಂತರವೂ ರೋಗ ತಿರುಗಿ ಬಂದವರಿದ್ದರು. ಹೀಗಾಗಿ 20ನೇ ಶತಮಾನದ ಮೊದಲ ದಶಕಗಳಲ್ಲಿ ಮೂರು ಹೋಗಿ ಐದು ಬಂತು.

ಅಂದರೆ ಐದು ವರ್ಷ ಎಂಬುದು ಒಂದು ಚಿಕಿತ್ಸೆಗೂ ಇನ್ನೊಂದಕ್ಕೂ ಹೋಲಿಕೆ ಮಾಡಲು ವೈದ್ಯರು ಇಟ್ಟುಕೊಂಡ ಅಳತೆ. ಸೇರಿನಲ್ಲಿ ಕಾಳು ಅಳೆದಂತೆ. ಕೆಲವು ಕ್ಯಾನ್ಸರ್‌ಗಳಲ್ಲಿ ಐದು ವರ್ಷ ದಾಟಿದರೆ ಭಯ ಬಹಳ ಕಡಿಮೆ. ಆದರೆ ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರ್ ಹತ್ತು, ಹದಿನೈದು ವರ್ಷ ಕಳೆದ ಮೇಲೂ ಮರಳಬಹುದು. ಅದಕ್ಕೇ ಕೆಲವರಿಗೆ ಐದು ವರ್ಷದ ಮೇಲೂ ಮಾತ್ರೆ ಮುಂದುವರಿಸುತ್ತಾರೆ. ಅಳತೆಯ ಸೇರನ್ನೇ ಊರ ಗಡಿಕಲ್ಲು ಎಂದು ನಾವು ತಿಳಿದುಕೊಂಡಿದ್ದೇವೆ. ತಪ್ಪು ಆಗುವುದು ಅಲ್ಲಿ.

ಈ ಲೆಕ್ಕವನ್ನು ಪ್ರಶ್ನಿಸಿದವರು ಸ್ವತಃ ರೋಗಿಯಾಗಿದ್ದ ಒಬ್ಬ ವೈದ್ಯರು. ಅಮೆರಿಕದ ಮಕ್ಕಳ ಡಾಕ್ಟರ್ ಫಿಟ್ಜ್‌ಹ್ಯೂ ಮುಲ್ಲನ್‌ಗೆ 1975ರಲ್ಲಿ, 32ನೇ ವಯಸ್ಸಿನಲ್ಲಿ, ಎದೆಯೊಳಗೆ ಕ್ಯಾನ್ಸರ್ ಕಾಣಿಸಿತು. 1985ರಲ್ಲಿ ಅವರು ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಒಂದು ದಿನ ರೋಗಿ, ಮರುದಿನ ಗುಣವಾದವನು ಎಂಬುದು ನಿಜವಲ್ಲ ಎಂಬುದು ಅವರ ವಾದ. ಅವರು ಬದುಕುಳಿಯುವುದನ್ನು ಮೂರು ಋತುಗಳಾಗಿ ಕಂಡರು. ಮೊದಲನೆಯದು ಚಿಕಿತ್ಸೆಯ ಕಾಲ, ಎರಡನೆಯದು ಮುಗಿದ ಮೇಲೆ ಮರಳಿ ಬಂದೀತೆಂದು ಕಾಯುವ ಕಾಲ, ಮೂರನೆಯದು ಭಯ ನಿಧಾನಕ್ಕೆ ಇಳಿಯುವ ಕಾಲ. ಮಳೆಗಾಲ ಇಂಥ ತಾರೀಖಿಗೇ ಮುಗಿಯಿತು ಎಂದು ಯಾವ ರೈತ ಹೇಳುತ್ತಾನೆ?

ಮುಂದಿನ ವರ್ಷ, 1986ರಲ್ಲಿ, ಮುಲ್ಲನ್ ಮತ್ತು ಇತರರು ಸೇರಿ ಅಮೆರಿಕದಲ್ಲಿ ಒಂದು ಒಕ್ಕೂಟ ಕಟ್ಟಿದರು. ರೋಗ ಗೊತ್ತಾದ ದಿನದಿಂದಲೇ ಒಬ್ಬರನ್ನು ಬದುಕುಳಿದವರು ಎನ್ನಬೇಕು, ಐದು ವರ್ಷ ಕಾಯಬೇಕಿಲ್ಲ ಎಂಬುದು ಅವರ ನಿಲುವು. ಅಲ್ಲಿಂದ ರಿಪೋರ್ಟ್ ಬಂದ ದಿನಕ್ಕೂ ಬೆಲೆ ಬಂತು. 1988ರಿಂದ ಜೂನ್ ಮೊದಲ ಭಾನುವಾರ ಕ್ಯಾನ್ಸರ್ ಗೆದ್ದವರ ದಿನವೆಂದು ಆಚರಣೆ ಶುರುವಾಯಿತು.

1996ರಲ್ಲಿ ಚಿಕಿತ್ಸೆ ಮುಗಿದ ದಿನದ ಸರದಿ. ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ನೌಕಾಪಡೆಯ ಅಧಿಕಾರಿ ಇರ್ವ್ ಲೆ ಮಾಯ್ನ್ ರೇಡಿಯೇಷನ್ ಮುಗಿದಾಗ ಹಿತ್ತಾಳೆ ಗಂಟೆ ಬಾರಿಸಿದರು. ಕೆಲಸ ಮುಗಿಯಿತು ಎಂದು ಗಂಟೆ ಹೊಡೆಯುವುದು ನೌಕಾಪಡೆಯ ಪದ್ಧತಿ. ಗಂಟೆ ಅಲ್ಲೇ ಉಳಿಯಿತು, ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಆದರೆ ಜೀವಮಾನವಿಡೀ ಔಷಧಿ ತೆಗೆದುಕೊಳ್ಳಬೇಕಾದವರಿಗೆ ಕೊನೆಯ ದಿನವೇ ಇಲ್ಲ. ಪಕ್ಕದವರು ಬಾರಿಸುವ ಗಂಟೆ ಅವರ ಕಿವಿಗೂ ಬೀಳುತ್ತದೆ.

ನಮ್ಮ ಕಡೆಯವರು 1941ರಲ್ಲಿ ಶುರುವಾದ ಮುಂಬೈನ ಟಾಟಾ ಆಸ್ಪತ್ರೆಗೆ ಹೋದವರು, 1973ರ ಬೆಂಗಳೂರಿನ ಕಿದ್ವಾಯಿಗೆ ಹೋದವರು. ಅಲ್ಲಿನ ಫೈಲು ಇಂಗ್ಲಿಷ್ ತಾರೀಖಿನಲ್ಲಿದೆ. ನಮ್ಮವರ ನೆನಪು ಮಾತ್ರ ಯುಗಾದಿ ಹಿಂದಿನ ದಿನ, ಜಾತ್ರೆಯ ವಾರ, ಎಮ್ಮೆ ಈದ ಅಮಾವಾಸ್ಯೆ ಎಂದೇ ನಡೆಯುತ್ತದೆ. ಇನ್ನು ಕೆಲವರು ಏನನ್ನೂ ಗುರುತು ಹಾಕುವುದಿಲ್ಲ. ಊರಿಗೆ ಗೊತ್ತಾದರೆ ಮಗಳ ಸಂಬಂಧಕ್ಕೆ ತೊಡಕಾದೀತು ಎಂದು ಸುಮ್ಮನಿರುವವರನ್ನೂ ನಾವು ಕಂಡಿದ್ದೇವೆ. ಬರ್ನಿಯ ಹಾಗೆ ನೆನಪೇ ಬೇಡ ಎನ್ನುವವರೂ ಇದ್ದಾರೆ. ಯಾರನ್ನೂ ಊಟ ಹಾಕಿಸಿ ಎಂದು ಒತ್ತಾಯ ಮಾಡಬಾರದು, ಹಾಕಿಸುವವರನ್ನು ದೃಷ್ಟಿಯಾದೀತು ಎಂದು ತಡೆಯಲೂಬಾರದು.

ದಿನ ಆರಿಸುವುದು ರೋಗ ಉಂಡವರ ಹಕ್ಕು. ಚೆಕಪ್ಪಿನ ದಿನ ಮಾತ್ರ ವೈದ್ಯರದು. ಇವೆರಡನ್ನೂ ಕಲಸಬಾರದು. ಐದು ವರ್ಷದ ಊಟವಾಯಿತೆಂದು ಚೆಕಪ್ ಬಿಟ್ಟರೆ, ಮಾತ್ರೆ ಬಿಟ್ಟರೆ, ಮಾಡಿದ ಖರ್ಚು, ಉಂಡ ನೋವು ಎರಡೂ ನೀರಿಗೆ ಹೋದೀತು. ಬಿಡಬಹುದೋ ಇಲ್ಲವೋ ಎಂಬುದನ್ನು ಅವರವರ ಡಾಕ್ಟರ್ ಹತ್ತಿರವೇ ಕೇಳಬೇಕು.

ಇಷ್ಟನ್ನು ಆ ಮಗನಿಗೆ ಫೋನಿನಲ್ಲಿ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನು ತಾಯಿಯ ಕೈಗೆ ಕೊಟ್ಟ. ಊಟ ಶೇಂಗಾ ಕಿತ್ತ ಮೇಲೆಯೇ ಎಂದು ಅವರು ತೀರ್ಮಾನ ಮಾಡಿದ್ದರು. ಚೆಕಪ್ಪಿನ ತಾರೀಖನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಮೊಮ್ಮಗಳ ಕೈಯಿಂದ ಬರೆಸಿದ್ದಾರಂತೆ.